ಅಂಕಿಗಳ ಹಾರ ಪೋಣಿಸಿದ ಮಹಾವೀರಾಚಾರ್ಯರು

ಗಣಿತವೆಂದರೆ ಹೆದರುವ ಮಕ್ಕಳು ನಮ್ಮ ಶಾಲೆಯಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ಲೆಕ್ಕ ನಮ್ಮ ಕಡೆಯವರಿಗೆ ಹತ್ತುವ ವಿದ್ಯೆಯಲ್ಲ ಎಂಬ ಮಾತನ್ನೂ ಕೇಳುತ್ತ ಬೆಳೆದಿದ್ದೇವೆ. ಆ ಮಾತು ಎಷ್ಟು ಸುಳ್ಳು ಎಂಬುದಕ್ಕೆ ಮಹಾವೀರಾಚಾರ್ಯರ ಬದುಕೇ ಸಾಕ್ಷಿ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಸೂಕ್ತ.

ಮಹಾವೀರಾಚಾರ್ಯರು 9ನೆಯ ಶತಮಾನದ ಜೈನ ವಿದ್ವಾಂಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಸುಮಾರು 850ರಲ್ಲಿ ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ರಚಿಸಿದರು. ಅಂದು ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿ ಬರುತ್ತಿತ್ತು. ಇವರು ಗಣಿತಕ್ಕೇ ಇಡೀ ಗ್ರಂಥ ಮೀಸಲಿಟ್ಟರು. ಬಡ್ಡಿ, ಹೊಲದ ಅಳತೆ, ತೋಡಿದ ಗುಂಡಿಯ ಅಳತೆ ಎಲ್ಲವೂ ಅದರಲ್ಲಿವೆ. ಹಟ್ಟಿಯ ನೆರೆಯವರಾದ ನಮಗೆ ಹತ್ತಿರವೆನಿಸುವ ಚಿನ್ನದ ಬೆರಕೆಯ ಲೆಕ್ಕವೂ ಇದೆ.

ದೊಡ್ಡ ಸಂಖ್ಯೆಗಳೆಂದರೆ ಅವರಿಗೆ ಬಲು ಪ್ರೀತಿ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. 27994681ನ್ನು 441ರಿಂದ ಗುಣಿಸುವ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ಈ ಹಾರದ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ದೊಡ್ಡ ಸಂಖ್ಯೆ 111111ರ ವರ್ಗ. ನೋಟ್‌ಬುಕ್ಕಿನಲ್ಲಿ 111111ನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತ ಬರುತ್ತವೆ. ಕೂಡುವಾಗ ಕೊನೆಯ ಕಂಬದಲ್ಲಿ ಒಂದೇ ಒಂದು, ನಡುವಿನ ಕಂಬದಲ್ಲಿ ಆರು ಒಂದುಗಳು, ಮತ್ತೆ ಇಳಿಕೆ. ದಶಕ ತೆಗೆದುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೆ ಹಾರ ಹೀಗೇ ನಿಲ್ಲುತ್ತದೆ. ಹತ್ತಕ್ಕೆ ದಶಕ ಬಂದು ಹರಿಯುತ್ತದೆ.

ಆಚಾರ್ಯರು ಒಂದೆಡೆ ತಪ್ಪಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದರು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಗೊತ್ತು, ಇಂದು ಆ ಲೆಕ್ಕ ಕೊಟ್ಟರೆ ಪ್ರೋಗ್ರಾಂ ನಿಂತೇಹೋಗಬಹುದು. ಆದರೆ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಸೂಕ್ಷ್ಮವನ್ನು ಗುರುತಿಸಿದವರೂ ಅವರೇ. ಒಂದು ತಪ್ಪಿನಿಂದ ಅವರ ಗ್ರಂಥ ಮೂಲೆ ಸೇರಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು.

ಆದ್ದರಿಂದ ಸಂತೆಕಲ್ಲೂರಿನ ತಮ್ಮ ತಂಗಿಯರೇ, ಲೆಕ್ಕ ತಪ್ಪಿತೆಂದು ಪುಸ್ತಕ ಮುಚ್ಚಬೇಡಿ. ಅದು ನಮ್ಮ ನೆಲದ ವಿದ್ಯೆಯೇ. ತಿದ್ದಿಕೊಂಡು ಮುಂದಿನ ಲೆಕ್ಕಕ್ಕೆ ಹೋಗಿ.