ಮಿಖಾಯಿಲ್ ತ್ಸ್ವೆತ್: ಅಳೆಯುವ ಮೊದಲು ಬೇರ್ಪಡಿಸಿದ ವಿಜ್ಞಾನಿ

ನ್ಯಾಮತಿ ಸುತ್ತಮುತ್ತಲ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ಎಳೆಕಾಳಿನಲ್ಲಿ ಜಿಯಾಟಿನ್ ಎಂಬ ಹಾರ್ಮೋನ್ ಇರುತ್ತದೆ. ಕೋಶಗಳ ವಿಭಜನೆಗೆ ಪ್ರಚೋದನೆ ಕೊಡುವುದು ಇದರ ಕೆಲಸ. ಮೆಕ್ಕೆಜೋಳದ ವೈಜ್ಞಾನಿಕ ಹೆಸರು ಜಿಯಾ ಮೇಸ್. ಹಾರ್ಮೋನಿಗೆ ಹೆಸರು ಬಂದದ್ದು ಅಲ್ಲಿಂದಲೇ. ಒಂದು ಗ್ರಾಂ ಹಸಿ ಸಸ್ಯಭಾಗದಲ್ಲಿ ಇಂಥ ಹಾರ್ಮೋನುಗಳು ಸಾಮಾನ್ಯವಾಗಿ ನ್ಯಾನೊಗ್ರಾಂ ಲೆಕ್ಕದಲ್ಲಿರುತ್ತವೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು! ಸಾವಿರಾರು ರಾಸಾಯನಿಕಗಳ ನಡುವೆ ಅದನ್ನು ಅಳೆಯಬೇಕಾದರೆ ಮೊದಲು ಬೇರ್ಪಡಿಸಬೇಕು. ಆ ದಾರಿ ತೋರಿದವರು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್.

ತ್ಸ್ವೆತ್ 1872ರಲ್ಲಿ ಇಟಲಿಯ ಆಸ್ತಿಯಲ್ಲಿ ಹುಟ್ಟಿದರು. ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆದ ಅವರು 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ರಷ್ಯಾಕ್ಕೆ ಹೋದರು. ಅಲ್ಲಿ ಆ ಪದವಿಗೆ ಮಾನ್ಯತೆ ಸಿಗಲಿಲ್ಲ. ಮತ್ತೆ ಓದಿ, 1901ರಲ್ಲಿ ಕಜಾನ್‌ನಲ್ಲಿ ಸ್ನಾತಕೋತ್ತರ ಪದವಿ ಗಳಿಸಬೇಕಾಯಿತು.

ವಾರ್ಸಾದಲ್ಲಿ ಅವರು ಮಾಡಿದ ಪ್ರಯೋಗ ಸರಳ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದಂಥ ಪುಡಿ ತುಂಬಿ, ಮೇಲಿನಿಂದ ಎಲೆಯ ರಸಸಾರವನ್ನೂ ದ್ರಾವಕವನ್ನೂ ಸುರಿದರು. ಪುಡಿಗೆ ಹೆಚ್ಚು ಅಂಟಿಕೊಳ್ಳುವ ಬಣ್ಣ ನಿಧಾನವಾಗಿ, ಕಡಿಮೆ ಅಂಟುವುದು ಬೇಗನೆ ಕೆಳಗಿಳಿಯಿತು. ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ಕಂಡವು. 1906ರಲ್ಲಿ ಈ ವಿಧಾನವನ್ನು ಅವರು ಕ್ರೊಮಟೋಗ್ರಫಿ ಎಂದು ಕರೆದರು.

ಅವರು ರಷ್ಯನ್ ಭಾಷೆಯಲ್ಲಿ ಬರೆದಿದ್ದರಿಂದಲೇ ಜಗತ್ತಿಗೆ ವಿಷಯ ಗೊತ್ತಾಗಲಿಲ್ಲ ಎಂಬ ಮಾತಿದೆ. ಇದು ಪೂರ್ತಿ ನಿಜವಲ್ಲ. 1906ರ ಲೇಖನಗಳು ಪ್ರಕಟವಾದದ್ದು ಜರ್ಮನ್ ಪತ್ರಿಕೆಯಲ್ಲಿ. ತೊಡಕಾದದ್ದು ಅಪನಂಬಿಕೆ. ಈ ವಿಧಾನದಲ್ಲಿ ಬಣ್ಣಗಳೇ ಕೆಡಬಹುದು ಎಂದು ಆಗಿನ ಹೆಸರಾಂತ ರಸಾಯನಶಾಸ್ತ್ರಜ್ಞರು ಅನುಮಾನಪಟ್ಟರು. ಮೊದಲ ಮಹಾಯುದ್ಧದಲ್ಲಿ ವಾರ್ಸಾ ಬಿಡಬೇಕಾಗಿ ಬಂದ ತ್ಸ್ವೆತ್, 1919ರಲ್ಲಿ 47ನೇ ವಯಸ್ಸಿಗೆ ವೊರೊನೆಜ್‌ನಲ್ಲಿ ತೀರಿಕೊಂಡರು. 1931ರಲ್ಲಿ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಅದೇ ವಿಧಾನದಿಂದ ಕ್ಯಾರೊಟಿನ್‌ಗಳನ್ನು ಬೇರ್ಪಡಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು.

ಇಂದಿನ ಸಸ್ಯ ಹಾರ್ಮೋನ್ ಪರೀಕ್ಷೆಯನ್ನೇ ನೋಡೋಣ. ಎಲೆಯ ಸಾರಕ್ಕೆ ಅದೇ ಹಾರ್ಮೋನಿನ ತುಸು ಭಾರದ ರೂಪವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಮಿಶ್ರಣ ಸಣ್ಣ ಕೊಳವೆಯೊಂದರಲ್ಲಿ ಹಾದು ಬೇರ್ಪಡುತ್ತದೆ. ಬಳಿಕ ಮಾಸ್ ಸ್ಪೆಕ್ಟ್ರೋಮೀಟರ್ ಎರಡೂ ರೂಪಗಳನ್ನು ತೂಕದಿಂದ ಗುರುತಿಸುತ್ತದೆ. ದಾರಿಯಲ್ಲಿ ಸ್ವಲ್ಪ ನಷ್ಟವಾದರೂ ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ, ಹೋಲಿಸಿದರೆ ಎಲೆಯಲ್ಲಿದ್ದ ಲೆಕ್ಕ ಸಿಗುತ್ತದೆ. ಹಾರ್ಮೋನುಗಳಿಗೆ ಬಣ್ಣವಿಲ್ಲ, ಯಂತ್ರಗಳೂ ಹೊಸವು. ಆದರೆ ಆ ಕೊಳವೆಯೊಳಗೆ ನಡೆಯುವುದು ತ್ಸ್ವೆತ್ ತೋರಿಸಿದ ಓಟವೇ.