ಅರವತ್ತು ದಾಟಿದ ಮೇಲೆ ಮದರಾಸಿಗೆ ಬಂದ ಯೋಗಾಚಾರ್ಯ

ಯೋಗಾಸನವೆಂದರೆ ಎಳೆಯ ದೇಹಗಳಿಗೆ ಮಾತ್ರ ಎಂದು ನಮ್ಮ ಮನೆಗಳ ಹಿರಿಯರಲ್ಲಿ ಅನೇಕರು ದೂರ ಸರಿಯುವುದನ್ನು ಕಾಣುತ್ತೇವೆ. ಅಂತಹವರಿಗಾಗಿ ತಿರುಮಲೈ ಕೃಷ್ಣಮಾಚಾರ್ಯರ ಬಾಳಿನ ಉತ್ತರಾರ್ಧವನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

1888ರ ನವೆಂಬರ್ 18ರಂದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದ ಆಚಾರ್ಯರು ಮೈಸೂರು, ಕಾಶಿಗಳಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ಮುಂದೆ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರರೂ ಮೈಸೂರಿನ ಪಟ್ಟಾಭಿ ಜೋಯಿಸರೂ ಅವರ ಗರಡಿಯಲ್ಲಿ ಪಳಗಿದವರೇ. ಶಿಷ್ಯರಲ್ಲಿ ಬಹುಮಂದಿ ಬಾಲಕರು. ಅಭ್ಯಾಸವೂ ಅಂತೆಯೇ ಬಿರುಸಾದುದು. ಗುರುಗಳ ಕೋಪ ಆ ಶಿಷ್ಯರಿಗೆ ಬಹುಕಾಲ ಮರೆಯಲಿಲ್ಲ. ಇದನ್ನು ಮುಚ್ಚಿಡುವುದು ಸಲ್ಲದೆಂದು ನಮ್ಮ ಭಾವನೆ.

ಸ್ವಾತಂತ್ರ್ಯಾನಂತರ ರಾಜಾಶ್ರಯ ತಪ್ಪಿ 1950ರಲ್ಲಿ ಶಾಲೆ ಮುಚ್ಚಿತು. ಅರವತ್ತು ದಾಟಿದ ವಯಸ್ಸು, ದೊಡ್ಡ ಸಂಸಾರ, ಆದಾಯವಿಲ್ಲ. ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ವಕೀಲರೊಬ್ಬರ ಚಿಕಿತ್ಸೆಯ ನಿಮಿತ್ತ 1952ರಲ್ಲಿ ಆಚಾರ್ಯರು ಮದರಾಸಿಗೆ ಬಂದು ಅಲ್ಲಿಯೇ ನೆಲೆಸಿದರು.

ಮದರಾಸಿನಲ್ಲಿ ಅವರ ಬಳಿಗೆ ಬಂದವರಲ್ಲಿ ರೋಗಿಗಳು, ವೃದ್ಧರು ಹೆಚ್ಚು. ಬೋಧನೆಯ ಬಗೆಯೇ ಬದಲಾಯಿತು. ಗುಂಪು ಪಾಠ ಹಿಂದೆ ಸರಿದು, ಒಬ್ಬೊಬ್ಬರ ನಾಡಿಯನ್ನು ನೋಡಿ ಅವರವರ ಶಕ್ತಿಗೆ ತಕ್ಕ ಅಭ್ಯಾಸವನ್ನು ಹೇಳಿಕೊಡತೊಡಗಿದರು. ಮೊಣಕಾಲು ನೆಟ್ಟಗಾಗದಿದ್ದರೆ ಬಾಗಿಸಿಯೇ ಮಾಡಬಹುದು. ನೆಲದ ಮೇಲೆ ಕೂರಲಾರದವರಿಗೆ ಕುರ್ಚಿಯಾದರೂ ಆದೀತು. ಆದರೆ ಕೈ ಎತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ ಎಂಬ ಲಯ ತಪ್ಪಬಾರದು. ಬಾಲ್ಯಕ್ಕೆ ಸೃಷ್ಟಿಕ್ರಮ, ನಡುವಯಸ್ಸಿಗೆ ಸ್ಥಿತಿಕ್ರಮ, ಇಳಿವಯಸ್ಸಿಗೆ ಲಯಕ್ರಮವೆಂದು ಅವರು ವಿಂಗಡಿಸಿದ್ದರು. ಮುಪ್ಪಿನಲ್ಲಿ ಆಸನಗಳು ಸರಳವಾಗಿ, ಪ್ರಾಣಾಯಾಮ ಧ್ಯಾನಗಳಿಗೆ ಹೆಚ್ಚಿನ ಪಾಲು. ಪುತ್ರ ಟಿ.ಕೆ.ವಿ. ದೇಶಿಕಾಚಾರ್ ಈ ಕ್ರಮದ ಬೋಧನೆಗಾಗಿಯೇ 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರರ ವಯಸ್ಸಿನಲ್ಲಿ ಆಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿ, ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಈ ನಿರಾಕರಣೆಯನ್ನು ಅನುಕರಿಸಿರೆಂದು ನಾವು ಯಾರಿಗೂ ಹೇಳಲಾರೆವು. ಇಂತಹ ಮುರಿತಕ್ಕೆ ಇಂದು ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಆದರೆ ಹಾಸಿಗೆ ಹಿಡಿದವರನ್ನು ನಿಶ್ಚಲರಾಗಿ ಬಿಡಬಾರದೆಂಬ ವಿಷಯದಲ್ಲಿ ವೈದ್ಯರಿಗೂ ಆಚಾರ್ಯರಿಗೂ ಭೇದವಿಲ್ಲ. ಅವರು ಮತ್ತೆ ಎದ್ದು ಕುಳಿತು, ಶಿಷ್ಯರಿಗೆ ಪಾಠ ಹೇಳಿ, ನೂರು ತುಂಬಿದ ಬಳಿಕ 1989ರಲ್ಲಿ ಮದರಾಸಿನಲ್ಲಿ ದೇಹತ್ಯಾಗ ಮಾಡಿದರು.