ಸಾಲಪತ್ರ ಹೊಳೆಗೆ ಬಿಟ್ಟ ಸಂತ ತುಕಾರಾಮರು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಬ್ಬ ಮಹಾತ್ಮರ ಚರಿತ್ರೆ ಬರೆದುಕೊಡಬೇಕು ಅಂತ ಸಂಪಾದಕ ಮಂಡಳಿಯವರು ಕೇಳಿದರು. ನಮಗೆ ಮೊದಲು ನೆನಪಾದವರು ದೇಹೂ ಗ್ರಾಮದ ಸಂತ ತುಕಾರಾಮ ಮಹಾರಾಜರು. ಅವರು ಮರಾಠಿ ನಾಡಿನವರು ಹೌದು, ಆದರೆ ಪಂಢರಪುರದ ವಿಠ್ಠಲ ನಮಗೇನು ಹೊರಗಿನವನಲ್ಲ. ಆಷಾಢ ಬಂತೆಂದರೆ ನಮ್ಮ ಕಡೆಯ ರೈತರೂ ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ನಡೆದೇ ಹೋಗುತ್ತಾರೆ. ಇನ್ನೊಂದು ಕಾರಣವೂ ಉಂಟು. ಅವರದೂ ನಮ್ಮ ಹಾಗೆ ಒಕ್ಕಲುತನದ ಮನೆ, ಸಾಲ ಕೊಟ್ಟು ವಸೂಲು ಮಾಡುವ ಕಷ್ಟ ಬಲ್ಲವರು.

ಪುಣೆಯ ಹತ್ತಿರ ಇಂದ್ರಾಯಣಿ ಹೊಳೆಯ ದಂಡೆಗೆ ದೇಹೂ ಇದೆ. ಅಲ್ಲಿ 1608ರ ಸುಮಾರಿಗೆ ಕುಣಬಿ ಮನೆತನದಲ್ಲಿ ತುಕಾರಾಮರು ಹುಟ್ಟಿದರು. ತಂದೆ ಬೋಲ್ಹೋಬಾ, ತಾಯಿ ಕನಕಾಯಿ. ಹೊಲಮನೆ, ಕಾಳುಕಡಿ ಅಂಗಡಿ, ಲೇವಾದೇವಿ ಎಲ್ಲವೂ ಇತ್ತು. ವಂಶದ ಹಿರಿಯ ವಿಶ್ವಂಭರರು ಕಟ್ಟಿಸಿದ ವಿಠ್ಠಲನ ಗುಡಿಯೂ ಮನೆತನದ್ದೇ. ತಂದೆತಾಯಿ ತೀರಿಕೊಂಡರು, ಅಣ್ಣ ಸಾವಜಿಯವರು ವೈರಾಗ್ಯ ಹೊಂದಿ ತೀರ್ಥಯಾತ್ರೆಗೆ ಹೊರಟುಹೋದರು. ಮೀಸೆ ಮೂಡುವ ವಯಸ್ಸಿಗೇ ಮನೆತನದ ಭಾರವೆಲ್ಲ ತುಕಾರಾಮರ ಹೆಗಲಿಗೆ ಬಿತ್ತು.

ಆಮೇಲೆ 1630ರ ಬರಗಾಲ ಬಂತು. ದಖ್ಖನದಲ್ಲಿ ಊರಿಗೆ ಊರೇ ಖಾಲಿಯಾದ ಕಾಲ ಅದು. ಕಾಳಿನ ಅಂಗಡಿಯವರ ಮನೆಯಲ್ಲೇ ಕಾಳಿಲ್ಲದಂತಾಯಿತು. ಹಿರಿಯ ಹೆಂಡತಿ ರಖಮಾಬಾಯಿ ಅನ್ನವಿಲ್ಲದೆ ಪ್ರಾಣ ಬಿಟ್ಟರು, ಮಗ ಸಂತೂ ಕೂಡ ಹೋದ. ದನಕರು ಸತ್ತವು, ವ್ಯಾಪಾರ ದಿವಾಳಿಯಾಯಿತು. ಇಂಥ ಹೊತ್ತಿನಲ್ಲಿ ಮನುಷ್ಯ ದೇವರನ್ನು ಬೈಯುವುದು ಸಹಜ. ತುಕಾರಾಮರು ಮಾಡಿದ್ದೇನೆಂದರೆ, ಬಿದ್ದುಹೋಗುತ್ತಿದ್ದ ಆ ವಿಠ್ಠಲನ ಗುಡಿಯನ್ನು ರಿಪೇರಿ ಮಾಡಲು ನಿಂತರು. ಭಾಮನಾಥ, ಭಂಡಾರಾ ಗುಡ್ಡ ಹತ್ತಿ ಒಬ್ಬರೇ ಕೂತು ನಾಮಸ್ಮರಣೆ ಮಾಡತೊಡಗಿದರು.

ಆಗ ನಡೆದದ್ದು ಸಾಲಪತ್ರದ ಸಂಗತಿ. ಮುಂದೆ 18ನೇ ಶತಮಾನದಲ್ಲಿ ಸಂತರ ಚರಿತ್ರೆ ಬರೆದ ಮಹೀಪತಿಯವರು ಇದನ್ನು ಹೇಳಿದ್ದಾರೆ. ಊರವರ ಕಡೆಯಿಂದ ಬರಬೇಕಾದ ಬಾಕಿಯ ಕಾಗದಪತ್ರ ಮನೆಯಲ್ಲಿದ್ದವು. ಬರದಲ್ಲಿ ನೊಂದವರಿಂದ ಏನು ವಸೂಲು ಮಾಡುವುದು ಅಂತ ತುಕಾರಾಮರು ಅವನ್ನೆಲ್ಲ ಇಂದ್ರಾಯಣಿಗೆ ಬಿಡಲು ಹೊರಟರು. ತಮ್ಮ ಕಾನ್ಹೋಬಾ ಅಡ್ಡ ಬಂದ. ನೀನು ಸಾಧುವಾದೆ, ನನ್ನ ಹೆಂಡತಿ ಮಕ್ಕಳ ಗತಿ ಏನಣ್ಣ ಎಂಬುದು ಅವನ ಕೇಳಿಕೆ. ತುಕಾರಾಮರು ಸಿಟ್ಟಾಗಲಿಲ್ಲ. ಪತ್ರಗಳನ್ನು ಎರಡು ಪಾಲು ಮಾಡಿ ಅರ್ಧ ತಮ್ಮನ ಕೈಗಿಟ್ಟರು. ತಮ್ಮ ಪಾಲಿನ ಅರ್ಧ ಮಾತ್ರ ಹೊಳೆಗೆ ಬಿಟ್ಟರು.

ವಾರ್ಷಿಕ ಸಭೆಯಲ್ಲಿ ಯಾರಾದರೊಬ್ಬರು ಎದ್ದು, ತುಕಾರಾಮರೇ ಸಾಲ ಬಿಟ್ಟರು, ನಿಮಗೇನ್ರಿ ಕಷ್ಟ ಅಂತ ಕೇಳುವುದುಂಟು. ಅವರು ಈ ಅರ್ಧ ಪಾಲಿನ ಲೆಕ್ಕ ಮರೆತಿರುತ್ತಾರೆ. ನಮ್ಮ ತಿಜೋರಿಯಲ್ಲಿ ಇರುವುದು ನಿಮ್ಮ ಷೇರು ಹಣ, ವಿಧವೆಯರ ಠೇವಣಿ. ಅದೆಲ್ಲ ಕಾನ್ಹೋಬಾನ ಪಾಲು. ಆಡಳಿತ ಮಂಡಳಿಯವರು ಪುಣ್ಯ ಕಟ್ಟಿಕೊಳ್ಳುತ್ತೇವೆಂದು ಅದನ್ನು ಹೊಳೆಗೆ ಬಿಡಲು ಬರುವುದಿಲ್ಲ. ಇರಲಿ, ಚರಿತ್ರೆಗೆ ಬರೋಣ.

ಬಾಬಾಜಿ ಚೈತನ್ಯರೆಂಬ ಗುರುಗಳು ಕನಸಿನಲ್ಲಿ ಬಂದು ರಾಮಕೃಷ್ಣಹರಿ ಮಂತ್ರ ಕೊಟ್ಟರು. ಮತ್ತೊಂದು ಕನಸಿನಲ್ಲಿ ನಾಮದೇವರು ವಿಠ್ಠಲನ ಜೊತೆ ಬಂದು ಅಭಂಗ ಹಾಡಲು ಹೇಳಿದರು. ಅವರ ಹೆಸರಿನಲ್ಲಿ ಇಂದು ಸುಮಾರು 4,500 ಅಭಂಗಗಳು ಸಿಗುತ್ತವೆ. ಅವರ ವಿಠ್ಠಲ ದೂರದ ದೇವರಲ್ಲ. ಒಮ್ಮೆ ತಾಯಿ, ಒಮ್ಮೆ ಗೆಳೆಯ, ಒಮ್ಮೆ ಬಾಕಿ ಉಳಿಸಿಕೊಂಡ ಸಾಲಗಾರನ ಹಾಗೆ ಜಗಳ ಕಾಯುವುದಕ್ಕೂ ಸಿಗುವವನು. ಮೋಕ್ಷ ಬೇಡ, ಮತ್ತೆ ಹುಟ್ಟಿ ನಿನ್ನ ನಾಮ ಹೇಳುವ ಭಾಗ್ಯ ಕೊಡು ಅಂತ ಬೇಡಿದವರು ಅವರು. ನೊಂದವರನ್ನು ತನ್ನವರೆನ್ನುವವನಲ್ಲೇ ದೇವರನ್ನು ಕಾಣಬೇಕೆಂಬುದು ಅವರ ನಂಬಿಕೆ.

ಕುಣಬಿಯವನು ವೇದದ ಮಾತು ಆಡಬಹುದೇ ಅಂತ ವಾಘೋಲಿಯ ರಾಮೇಶ್ವರ ಭಟ್ಟರು ತಕರಾರು ತೆಗೆದರು. ಅಭಂಗದ ಹೊತ್ತಿಗೆಗಳನ್ನು ಅದೇ ಇಂದ್ರಾಯಣಿಗೆ ಮುಳುಗಿಸಬೇಕಾಯಿತು. ಸಾಲಪತ್ರ ಬಿಟ್ಟಾಗ ಕಣ್ಣೀರು ಹಾಕದವರು ಈಗ ಅನ್ನ ನೀರು ಬಿಟ್ಟು 13 ದಿವಸ ದಂಡೆಯ ಮೇಲೆ ಬಿದ್ದುಕೊಂಡರು. ಹೊತ್ತಿಗೆಗಳು ನೆನೆಯದೆ ಮೇಲೆ ಬಂದವು ಎಂಬುದು ಭಕ್ತರ ನಂಬಿಕೆ. ರಾಮೇಶ್ವರ ಭಟ್ಟರೇ ಮುಂದೆ ಅವರ ಶಿಷ್ಯರಾದರು.

ಕಿರಿಯ ಹೆಂಡತಿ ಜೀಜಾಬಾಯಿಯವರನ್ನು ಮನೆಯಲ್ಲಿ ಆವಲಿ ಅಂತ ಕರೆಯುತ್ತಿದ್ದರು. ಹರಿಕಥೆಯವರು ಈ ತಾಯಿಯನ್ನು ಜಗಳಗಂಟಿ ಮಾಡಿ ಜನರನ್ನು ನಗಿಸುತ್ತಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಯಜಮಾನರು ಬಂದದ್ದೆಲ್ಲ ದಾನ ಮಾಡಿದರೆ ಒಲೆ ಹೊತ್ತಿಸುವವರು ಯಾರು? ವಿಠ್ಠಲನನ್ನು ಬೈಯುತ್ತಲೇ ದಿನಾ ಗುಡ್ಡ ಹತ್ತಿ ಗಂಡನಿಗೆ ರೊಟ್ಟಿ ಬುತ್ತಿ ಮುಟ್ಟಿಸಿದವರು ಆಕೆ. ಒಮ್ಮೆ ದಾರಿಯಲ್ಲಿ ಕಾಲಿಗೆ ಮುಳ್ಳು ನೆಟ್ಟಾಗ ವಿಠ್ಠಲನೇ ಬಂದು ತೆಗೆದನಂತೆ. ಶಿವಾಜಿ ಮಹಾರಾಜರು ಕಳಿಸಿದ ಕಾಣಿಕೆಯನ್ನು ತುಕಾರಾಮರು ತಿರುಗಿ ಕಳಿಸಿದರೆಂದೂ ಹೇಳುತ್ತಾರೆ. ಆ ಹೊತ್ತು ಆ ತಾಯಿಯ ಹೊಟ್ಟೆ ಎಷ್ಟು ಉರಿದಿರಬೇಕು!

1650ರ ಸುಮಾರಿಗೆ, ಫಾಲ್ಗುಣ ವದ್ಯ ಬಿದಿಗೆಯ ದಿನ ತುಕಾರಾಮರು ಕಣ್ಮರೆಯಾದರು. ದೇಹಸಹಿತ ವೈಕುಂಠಕ್ಕೆ ಹೋದರೆಂದು ವಾರಕರಿಗಳು ನಂಬುತ್ತಾರೆ, ಆ ದಿನ ದೇಹೂದಲ್ಲಿ ತುಕಾರಾಮ ಬೀಜ ಆಚರಿಸುತ್ತಾರೆ. ಆಗ ಜೀಜಾಬಾಯಿ ಗರ್ಭಿಣಿ. ಹುಟ್ಟಿದ ಮಗ ನಾರಾಯಣ ಮಹಾರಾಜರು 1685ರಲ್ಲಿ ತಂದೆಯ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ದೇಹೂದಿಂದ ಪಂಢರಪುರಕ್ಕೆ ಹೊರಟರು. ಆ ಪಲ್ಲಕ್ಕಿ ಈಗಲೂ ವರ್ಷ ವರ್ಷ ಹೊರಡುತ್ತದೆ. ಬಿತ್ತನೆ ಮುಗಿಸಿದ ಒಕ್ಕಲಿಗರು ದಿಂಡಿ ಕಟ್ಟಿಕೊಂಡು ತಾಳ ಹಾಕುತ್ತ ಅದರ ಹಿಂದೆ ನಡೆಯುತ್ತಾರೆ.